ಪದಚರ್ಚೆ: ಮತಾಂತರವಲ್ಲದ ಒಲವಿಗೆ ‘ನಡೆದುಕೊಳ್ಳು’ ಎನ್ನಬಹುದೇ?

ಮಾನ್ಯರೇ,

ಪ್ರಾಟೆಸ್ಟಂಟ್ ಮನೆತನದಲ್ಲಿ ಹುಟ್ಟಿ ಬೆಳೆದ ಯುವಕ ಯುವತಿಯರು, ತಮ್ಮ ಸಭೆಯ (ಚರ್ಚಿನ) ಸದಸ್ಯತ್ವವನ್ನು ಬಿಡದೆಯೇ, ಕಥೋಲಿಕರ ಬಲಿಪೂಜೆ (ರೊಟ್ಟಿ ದ್ರಾಕ್ಷಾರಸಗಳನ್ನು ಅರ್ಪಿಸುವ ಆರಾಧನೆ, ಮಾಸ್), ಜಪಸರ (ರೋಸರಿ), ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಉಪವಾಸ, ಸಂತರ ಹಬ್ಬ ಮುಂತಾದ ಆಚರಣೆಗಳಿಗೆ ಮನಸ್ಸು ಕೊಡುವುದನ್ನು ಕನ್ನಡದಲ್ಲಿ ಯಾವ ಪದದಿಂದ ಹೇಳಬೇಕು ಎಂಬುದು ನನ್ನ ಪ್ರಶ್ನೆ. ಅಮೆರಿಕ ಮತ್ತು ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಚರ್ಚೆಯಲ್ಲಿರುವ ಈ ಸಂಗತಿಯ ಕುರಿತು ಬಳ್ಳಾರಿಯ ನಮ್ಮ ಓದುಗರ ಬಳಗಕ್ಕಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಬಳಗದಲ್ಲಿ ಸಿ.ಎಸ್.ಐ. ಎಂಬ ಪ್ರಾಟೆಸ್ಟಂಟ್ ಸಭೆಯವರೂ (ದಕ್ಷಿಣ ಭಾರತ ಸಭೆ) ಇದ್ದಾರೆ, ಆರ್.ಸಿ.ಗಳೂ (ರೋಮನ್ ಕಥೋಲಿಕರು) ಇದ್ದಾರೆ, ಕ್ರೈಸ್ತರಲ್ಲದವರೂ ಇದ್ದಾರೆ. ಮೂವರಿಗೂ ಒಪ್ಪಿಗೆಯಾಗುವ, ಯಾರ ಮನೆಯಲ್ಲೂ ಅನುಮಾನ ಹುಟ್ಟಿಸದ ಪದ ನನಗೆ ಬೇಕಾಗಿದೆ.

ಎಲ್ಲರ ನಾಲಗೆಗೂ ಮೊದಲು ಬರುವ ‘ಮತಾಂತರ’ ಇಲ್ಲಿ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ತ್ರಿಯೇಕ ದೇವರ (ಪಿತ, ಸುತ, ಪವಿತ್ರಾತ್ಮರ) ಹೆಸರಿನಲ್ಲಿ ನೀರಿನಿಂದ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಪಡೆದ ಪ್ರಾಟೆಸ್ಟಂಟರನ್ನು ಕಥೋಲಿಕ ಧರ್ಮಸಭೆಯು ಕ್ರೈಸ್ತರೆಂದೇ ಗಣಿಸುತ್ತದೆ. ಅವರು ಮುಂದೊಂದು ದಿನ ಕಥೋಲಿಕರಾದರೂ ಅವರಿಗೆ ಎರಡನೆಯ ಸಲ ದೀಕ್ಷಾಸ್ನಾನ ಕೊಡುವುದಿಲ್ಲ, ವಿಶ್ವಾಸಪ್ರಕಟಣೆ ಮಾಡಿಸಿ ಬರಮಾಡಿಕೊಳ್ಳುತ್ತದೆ. ಕಥೋಲಿಕ ಧರ್ಮಾಧ್ಯಕ್ಷರೆಲ್ಲ ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಹೊರಡಿಸಿದ ಕ್ರೈಸ್ತ ಐಕ್ಯತೆಯ ಆದೇಶಪತ್ರ ಇದಕ್ಕೆ ಆಧಾರ, 1972ರಲ್ಲಿ ಪ್ರಕಟವಾದ ವಯಸ್ಕರ ದೀಕ್ಷಾವಿಧಿಯ ಗ್ರಂಥದಲ್ಲಿ ಇಂಥವರಿಗಾಗಿಯೇ ಪ್ರತ್ಯೇಕ ವಿಧಿ ಇದೆ. ಹೀಗಿರುವಾಗ ಮತ ಬದಲಾಯಿತು ಎನ್ನುವುದು ಇಬ್ಬರ ನಂಬಿಕೆಗೂ ಒಪ್ಪದ ಮಾತು. ಇದಲ್ಲದೆ, ಕರ್ನಾಟಕದ 2022ರ ಕಾಯ್ದೆಯನ್ನು ಜನ ‘ಮತಾಂತರ ನಿಷೇಧ ಕಾಯ್ದೆ’ ಎಂದೇ ಕರೆದು ರೂಢಿಸಿದ ಮೇಲೆ, ಈ ಪದ ಕಿವಿಗೆ ಬಿದ್ದೊಡನೆ ಓದುಗರ ಮನಸ್ಸು ಪೊಲೀಸು ಠಾಣೆಯ ಕಡೆಗೆ ಹೋಗುತ್ತದೆ. ಪ್ರಾರ್ಥನೆಯ ವಿಷಯಕ್ಕೆ ಆ ನೆರಳು ಬೀಳುವುದು ನನಗೆ ಬೇಡ.

ಕಥೋಲಿಕ ಮಿತ್ರರೊಬ್ಬರು ‘ಮರಳುವಿಕೆ’ ಎಂಬುದನ್ನು ಸೂಚಿಸಿದರು. ಯೂರೋಪಿನ ಇತಿಹಾಸದಲ್ಲಿ ಅದಕ್ಕೊಂದು ಅರ್ಥವಿದೆ. ಪ್ರಾಟೆಸ್ಟಂಟರು ಬೇರೆಯಾದ ಹದಿನಾರನೆಯ ಶತಮಾನದ ಒಡಕಿಗೆ ಮುಂಚೆ ಅಲ್ಲಿನ ಪೂರ್ವಿಕರು ರೋಮಿನೊಂದಿಗೇ ಇದ್ದವರು. ಬಳ್ಳಾರಿಗೆ ಅದು ಹೊಂದುವುದಿಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು, ಮುಂದಿನ ಎರಡು ದಶಕಗಳಲ್ಲಿ ಸತ್ಯವೇದವನ್ನು ಕನ್ನಡಕ್ಕೆ ತಂದ ಕಾಲದಿಂದ ಬೆಳೆದ ಸಭೆಗಳ ಹಿರಿಯರು ಬಹುಮಟ್ಟಿಗೆ ಹಿಂದೆ ಕಥೋಲಿಕರಾಗಿದ್ದವರಲ್ಲ. ಅವರು ಕಲಿತದ್ದು ಮೇಣದಬತ್ತಿ, ಧೂಪ, ಪ್ರತಿಮೆ ಯಾವುದೂ ಇಲ್ಲದ, ಬೋಧನೆ ಮತ್ತು ಗೀತೆಗಳೇ ಪ್ರಧಾನವಾದ ಸರಳ ಆರಾಧನೆಯನ್ನು. ಆ ಮನೆಯ ಮೊಮ್ಮಕ್ಕಳು ಎಲ್ಲಿಗೆ ಮರಳುತ್ತಾರೆ? ರಾಯಚೂರು ಜಿಲ್ಲೆಯ ಮುದಗಲ್ಲಿನ ಕಥೋಲಿಕ ಸಮುದಾಯವು ಆದಿಲಶಾಹಿಗಳ ಕಾಲದಷ್ಟು ಹಳೆಯದು ಎಂಬುದು ನಿಜ; ಆದರೆ ಬಳ್ಳಾರಿಯ ಪ್ರಾಟೆಸ್ಟಂಟರು ಅವರಿಂದ ಒಡೆದು ಬಂದವರಲ್ಲ. ‘ಮರಳು’ ಎಂಬ ಕ್ರಿಯಾಪದ ಹಿಂದಿನ ತಲೆಮಾರಿನವರನ್ನು ದಾರಿತಪ್ಪಿದವರೆಂದು ಸೂಚಿಸುತ್ತದೆ. ತಾತಂದಿರ ಪ್ರಾರ್ಥನೆಯನ್ನು ಹಾಗೆ ಅಲ್ಲಗಳೆಯುವ ಹಕ್ಕು ಲೇಖಕನಿಗೆ ಇಲ್ಲ.

‘ಸಭಾಂತರ’ ಎಂದು ಹೊಸದಾಗಿ ಕಟ್ಟಬಹುದು. ಅದು ವ್ಯಾಕರಣಕ್ಕೆ ಸರಿಯಾದರೂ ಮುಗಿದುಹೋದ ಸ್ಥಳಾಂತರವನ್ನು ಹೇಳುತ್ತದೆ. ನನಗೆ ಬೇಕಾದದ್ದು ಇನ್ನೂ ಮುಗಿಯದ, ಬಹುಶಃ ಎಂದೂ ಮುಗಿಯದ ಸ್ಥಿತಿಯ ಹೆಸರು. ಇದನ್ನು ಆಕ್ಸ್‌ಫರ್ಡ್ ಚಳವಳಿಯ ಉದಾಹರಣೆಯಿಂದ ವಿವರಿಸುತ್ತೇನೆ. ಇಂಗ್ಲೆಂಡಿನ ಸಭೆಯೊಳಗೆ (ಆಂಗ್ಲಿಕನ್ ಸಭೆಯಲ್ಲಿ) 1833ರಲ್ಲಿ ಆರಂಭವಾದ ಆ ಚಳವಳಿಯಲ್ಲಿ ಜಾನ್ ಹೆನ್ರಿ ನ್ಯೂಮನ್, ಜಾನ್ ಕೀಬಲ್, ಎಡ್ವರ್ಡ್ ಪ್ಯೂಸಿ ಮೂವರೂ ಪ್ರಾಚೀನ ಸಭಾಪಿತೃಗಳನ್ನು (ಆದಿ ಶತಮಾನಗಳ ಕ್ರೈಸ್ತ ಗುರುಗಳ ಬರಹಗಳನ್ನು) ಓದಿದರು, ಸಂಸ್ಕಾರಗಳ ಮಹತ್ವವನ್ನು ಎತ್ತಿಹಿಡಿದರು, ಮೂವರನ್ನೂ ಎದುರಾಳಿಗಳು ರೋಮಿನ ಕಡೆ ವಾಲಿದವರೆಂದು ಆಕ್ಷೇಪಿಸಿದರು. ನ್ಯೂಮನ್ ಹನ್ನೆರಡು ವರ್ಷಗಳ ಮಥನದ ನಂತರ 1845ರ ಅಕ್ಟೋಬರ್ 9ರಂದು ಕಥೋಲಿಕರಾದರು, ಮುಂದೆ ಕಾರ್ಡಿನಲ್ ಆದರು, 2019ರಲ್ಲಿ ಸಂತರೆಂದು ಘೋಷಿತರಾದರು. ಕೀಬಲ್ 1866ರಲ್ಲಿ, ಪ್ಯೂಸಿ 1882ರಲ್ಲಿ ತೀರಿಕೊಳ್ಳುವವರೆಗೂ ಇಂಗ್ಲೆಂಡಿನ ಸಭೆಯಲ್ಲಿಯೇ ಉಳಿದರು. ಒಲವು ಒಂದೇ ಬಗೆಯದಾದರೂ ಕೊನೆ ಬೇರೆಬೇರೆಯಾಯಿತು. ಹಾಗಾದರೆ ಒಲವಿನ ಹೆಸರು ಕೊನೆಯನ್ನು ಮೊದಲೇ ನಿರ್ಧರಿಸುವಂತಿರಬಾರದು.

‘ಸೆಳೆತ’, ‘ಆಕರ್ಷಣೆ’, ‘ಒಲವು’ ಎಂಬ ಮೂರು ಪದಗಳು ಉಳಿಯುತ್ತವೆ. ಅವು ಮನಸ್ಸಿನ ಸ್ಥಿತಿಯನ್ನು ಹೇಳುತ್ತವೆ, ಮಾಡುವ ಕೆಲಸವನ್ನು ಹೇಳುವುದಿಲ್ಲ. ಸೆಳೆತಕ್ಕೆ ಸಿಕ್ಕವನು ತನ್ನ ಇಚ್ಛೆ ಕಳೆದುಕೊಂಡವನು. ಆಕರ್ಷಣೆ ಕಣ್ಣಿಗೆ ಸಂಬಂಧಿಸಿದ್ದು. ನಾನು ಬಲ್ಲ ಯುವಕರು ಬಣ್ಣದ ಗಾಜಿಗೆ ಮರುಳಾದವರಲ್ಲ. ಕ್ರಿ.ಶ. 155ರ ಸುಮಾರಿಗೆ ಆದಿ ಕ್ರೈಸ್ತ ಲೇಖಕ ಹುತಾತ್ಮ ಜಸ್ಟಿನರು ಕ್ರೈಸ್ತರ ಭಾನುವಾರದ ಕೂಟವನ್ನು ವರ್ಣಿಸಿದ್ದನ್ನು, ಅಂದರೆ ವಾಚನ, ಉಪದೇಶ, ಪ್ರಾರ್ಥನೆ, ರೊಟ್ಟಿ ದ್ರಾಕ್ಷಾರಸಗಳ ಸ್ತೋತ್ರಾರ್ಪಣೆ, ಬಾರದವರ ಮನೆಗೆ ಅದನ್ನು ಒಯ್ಯುವುದು ಎಂಬ ಕ್ರಮವನ್ನು ಓದಿ, ಇದು ಇಂದು ಎಲ್ಲಿ ಉಳಿದಿದೆ ಎಂದು ಹುಡುಕಿ ಹೊರಟವರು ಅವರಲ್ಲಿದ್ದಾರೆ. ಕೀಬೋರ್ಡು, ಡ್ರಮ್ಮು, ದೊಡ್ಡ ಸ್ಪೀಕರುಗಳ ನಡುವೆ ನಡೆಯುವ ಹೊಸ ಸ್ತುತಿ ಆರಾಧನೆಗಳಲ್ಲಿ ದೇವರ ಮುಂದೆ ಸುಮ್ಮನೆ ಕೂರಲು ಎಡೆಯೇ ಸಿಗಲಿಲ್ಲ ಎಂದು ಹೇಳಿದವರೂ ಇದ್ದಾರೆ. ಅರ್ಪಿಸಿದ ರೊಟ್ಟಿಯಲ್ಲಿ ಕ್ರಿಸ್ತನ ಸಾನ್ನಿಧ್ಯ ನಿಜವೋ ಸಂಕೇತವೋ ಎಂಬ ಪ್ರಶ್ನೆಯನ್ನು ಹಲವು ವರ್ಷ ಹೊತ್ತು ತಿರುಗಿದವರೂ ಇದ್ದಾರೆ.

ಸಿ.ಎಸ್.ಐ. ಹುಡುಗನಿಗೆ ಬಲಿಪೂಜೆಯ ಕ್ರಮ ಅಷ್ಟೇನೂ ಹೊಸದಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಯು 1950ರಲ್ಲಿ ರೂಪಿಸಿದ ಕರ್ತನ ಭೋಜನದ ಕ್ರಮದಲ್ಲಿ, ಬೋಧಕರು ಮೇಜಿನ ಹಿಂದೆ ಜನರಿಗೆ ಅಭಿಮುಖವಾಗಿ ನಿಲ್ಲುವುದೂ, ಶಾಂತಿಯನ್ನು ಕೈಯಿಂದ ಕೈಗೆ ದಾಟಿಸುವುದೂ ಆಗಲೇ ಇದ್ದವು. ಕಥೋಲಿಕರಲ್ಲಿ ಇವೆರಡೂ ವ್ಯಾಪಕವಾದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರದ ಸುಧಾರಣೆಗಳಿಂದ. ಬೇರಾಗಿರುವುದು ಹೆಚ್ಚಾಗಿ ಶಬ್ದಗಳು: ಪ್ರಾಟೆಸ್ಟಂಟರಲ್ಲಿ ಯೆಹೋವ, ಕಥೋಲಿಕರಲ್ಲಿ ಸರ್ವೇಶ್ವರ, ಯೇಸುವಿನ ಶಿಷ್ಯರು ಅಲ್ಲಿ ಅಪೊಸ್ತಲರು, ಇಲ್ಲಿ ಪ್ರೇಷಿತರು, ಅಲ್ಲಿ ಕರ್ತನ ಭೋಜನ, ಇಲ್ಲಿ ಪರಮಪ್ರಸಾದ. ಪ್ರಾಟೆಸ್ಟಂಟ್ ಮನೆಯಲ್ಲಿ ‘ಆರಾಧನೆಗೆ ಹೋಗಿದ್ದೆ’ ಎನ್ನುವುದರ ಬದಲು ‘ಪೂಜೆಗೆ ಹೋಗಿದ್ದೆ’ ಎಂದ ಮಗನ ಒಲವು ಆ ಒಂದು ಮಾತಿನಿಂದಲೇ ತಂದೆತಾಯಿಗೆ ತಿಳಿದುಬಿಡುತ್ತದೆ, ಏಕೆಂದರೆ ಪೂಜೆ ಎಂಬ ಪದವನ್ನು ಆ ಮನೆಗಳು ವಿಗ್ರಹದೊಂದಿಗೆ ಜೋಡಿಸಿ ದೂರವಿಟ್ಟಿವೆ.

ಈಗ ನನ್ನ ಮುಖ್ಯ ಸೂಚನೆಗೆ ಬರುತ್ತೇನೆ. ಸಿ.ಎಸ್.ಐ. ಸಭೆಯ ಹಿರಿಯ ತಾಯಿಯೊಬ್ಬರು ತಮ್ಮ ಮೊಮ್ಮಗನ ವಿಷಯ ಹೇಳುತ್ತ, ‘ನಮ್ಮ ಹುಡುಗ ಈಗ ಆರ್.ಸಿ. ಚರ್ಚಿಗೆ ನಡಕೊಳ್ಳಾಕ ಹತ್ಯಾನ’ (ನಡೆದುಕೊಳ್ಳತೊಡಗಿದ್ದಾನೆ) ಎಂದರು. ಆ ಮಾತಿನಲ್ಲಿ ದೂರು ಇರಲಿಲ್ಲ, ಹುಡುಗ ಸಭೆ ಬಿಟ್ಟನೆಂಬ ಅರ್ಥವೂ ಇರಲಿಲ್ಲ. ನಮ್ಮ ಭಾಗದಲ್ಲಿ ‘ನಡೆದುಕೊಳ್ಳು’ ಎಂಬುದಕ್ಕೆ ವರ್ತಿಸು ಎಂಬ ಅರ್ಥದ ಜೊತೆಗೆ, ಚತುರ್ಥಿ ವಿಭಕ್ತಿಯೊಂದಿಗೆ ಬಂದಾಗ, ಶ್ರದ್ಧೆಯಿಂದ ತಪ್ಪದೆ ಸೇವೆ ಸಲ್ಲಿಸು ಎಂಬ ಅರ್ಥವೂ ಇದೆ: ಹುಲಿಗೆಮ್ಮನಿಗೆ ನಡೆದುಕೊಳ್ಳುವವರು, ಗವಿಮಠಕ್ಕೆ ನಡೆದುಕೊಳ್ಳುವ ಭಕ್ತರು, ದರ್ಗಾಕ್ಕೆ ನಡೆದುಕೊಳ್ಳುವ ಮನೆತನ. ಈ ಪ್ರಯೋಗದ ಹಿರಿಮೆಯೆಂದರೆ ಅದು ನಡೆದುಕೊಳ್ಳುವವನ ಜಾತಿಯನ್ನೂ ಧರ್ಮವನ್ನೂ ಕೇಳುವುದಿಲ್ಲ. ಕೊಪ್ಪಳದ ಗವಿಮಠಕ್ಕೆ ನಡೆದುಕೊಳ್ಳುವವರೆಲ್ಲ ಲಿಂಗಾಯತರಲ್ಲ. ದರ್ಗಾಕ್ಕೆ ನಡೆದುಕೊಳ್ಳುವ ಹಿಂದೂ ಮನೆತನಗಳನ್ನು ಯಾರೂ ಮತಾಂತರವಾದವರೆನ್ನುವುದಿಲ್ಲ. ಸದಸ್ಯತ್ವ ಒಂದು ಕಡೆ, ಶ್ರದ್ಧೆ ಇನ್ನೊಂದು ಕಡೆಯೂ ಇರಬಲ್ಲದು ಎಂಬುದನ್ನು ಈ ಸೀಮೆಯ ಜನ ಒಂದೇ ಕ್ರಿಯಾಪದದಲ್ಲಿ ಒಪ್ಪಿಕೊಂಡಿದ್ದಾರೆ. ಕೀಬಲ್ ಮತ್ತು ಪ್ಯೂಸಿಯವರ ಸ್ಥಿತಿಗೂ, ನ್ಯೂಮನ್ನರ ಆ ಹನ್ನೆರಡು ವರ್ಷಗಳಿಗೂ ಇದಕ್ಕಿಂತ ಒಪ್ಪುವ ಪದ ನನಗೆ ತೋರುತ್ತಿಲ್ಲ.

ಆಕ್ಷೇಪಗಳು ಇವೆ, ಅವನ್ನು ನಾನು ಹಗುರವೆಂದು ಭಾವಿಸುವುದಿಲ್ಲ. ಮೊದಲನೆಯದು ದೈವಶಾಸ್ತ್ರದ್ದು. ‘ಸಂತ ಅಂತೋಣಿಯವರಿಗೆ ನಡೆದುಕೊಳ್ಳುತ್ತಾನೆ’ ಎಂದು ಬರೆದರೆ ಸಂತರು ದೇವರ ಸ್ಥಾನಕ್ಕೆ ಏರಿಬಿಡುತ್ತಾರೆ, ಏಕೆಂದರೆ ನಮ್ಮ ಬಳಕೆಯಲ್ಲಿ ಆ ಚತುರ್ಥಿ ಬಹುಪಾಲು ದೈವಕ್ಕೇ ಸಲ್ಲುವಂಥದು. ಆರಾಧನೆ ದೇವರೊಬ್ಬನಿಗೆ ಮಾತ್ರ, ಸಂತರಿಗೂ ಅವರ ಪ್ರತಿಮೆಗಳಿಗೂ ಸಲ್ಲುವುದು ಗೌರವವಂದನೆ ಎಂದು ಕ್ರಿ.ಶ. 787ರ ಎರಡನೆಯ ನೈಸಿಯಾ ಮಹಾಸಭೆಯೇ ಭೇದ ಮಾಡಿತ್ತು. ಪ್ರಾಟೆಸ್ಟಂಟ್ ಓದುಗರ ಅತಿ ದೊಡ್ಡ ಅನುಮಾನವೂ ಇಲ್ಲಿಯೇ ಇರುವುದರಿಂದ ಪದವು ಆ ಭೇದವನ್ನು ಅಳಿಸಬಾರದು. ಆದ್ದರಿಂದ ‘ಬಲಿಪೂಜೆಗೆ ನಡೆದುಕೊಳ್ಳು’, ‘ಚರ್ಚಿಗೆ ನಡೆದುಕೊಳ್ಳು’ ಎಂಬಷ್ಟಕ್ಕೆ ಬಳಕೆಯನ್ನು ಮಿತಿಗೊಳಿಸಬೇಕೆಂದು ಯೋಚಿಸಿದ್ದೇನೆ. ಎರಡನೆಯ ಆಕ್ಷೇಪ ಇನ್ನೂ ಕಠಿಣವಾದದ್ದು. ನಡೆದುಕೊಳ್ಳುವುದು ಸಾಮಾನ್ಯವಾಗಿ ಮನೆತನದಿಂದ ಬಂದದ್ದು, ಹರಕೆಯೊಂದಿಗೆ ಬೆಸೆದದ್ದು. ಈ ಯುವಕರದಾದರೋ ಓದಿನಿಂದಲೂ ಪ್ರಾರ್ಥನೆಯಿಂದಲೂ ಒಬ್ಬೊಬ್ಬರಾಗಿ, ಕೆಲವೊಮ್ಮೆ ಮನೆಯವರ ನೋವಿನ ನಡುವೆಯೇ, ಕಂಡುಕೊಂಡ ದಾರಿ. ಪದದ ಈ ಹಳೆಯ ಭಾರವನ್ನು ಹೊಸ ಸಂದರ್ಭ ಕಳಚಬಲ್ಲದೇ ಎಂಬುದನ್ನು ಭಾಷೆಯ ಸೂಕ್ಷ್ಮ ಬಲ್ಲವರು ಹೇಳಬೇಕು.

ಮುಂದೆ ಹೋಗಿ ಕಥೋಲಿಕರೇ ಆಗುವವರ ಮಟ್ಟಿಗೆ ನನ್ನ ನಿರ್ಧಾರ ಬಹುತೇಕ ಆಗಿದೆ. ‘ಪೂರ್ಣ ಅನ್ಯೋನ್ಯತೆಗೆ ಬರಮಾಡಿಕೊಳ್ಳುವುದು’ ಎಂದು ಬರೆಯುತ್ತೇನೆ. ‘ಪವಿತ್ರಾತ್ಮನ ಅನ್ಯೋನ್ಯತೆ’ ಎಂಬ ಆಶೀರ್ವಚನವನ್ನು ಪ್ರಾಟೆಸ್ಟಂಟರು ಮಕ್ಕಳಾಗಿದ್ದಾಗಿನಿಂದ ಕೇಳಿರುವುದರಿಂದ ಅದು ಅವರಿಗೆ ಮನೆಯ ಮಾತು. ‘ಪೂರ್ಣ’ ಎಂಬ ವಿಶೇಷಣವು ಮೊದಲೇ ಸ್ವಲ್ಪಮಟ್ಟಿಗೆ ಇದ್ದ ಬಾಂಧವ್ಯವನ್ನು ಒಪ್ಪಿಕೊಳ್ಳುತ್ತದೆ, 1964ರ ಆದೇಶಪತ್ರದ ಆಶಯವೂ ಅದೇ.

ಲೇಖನದಲ್ಲಿ ಮತ್ತೆ ಮತ್ತೆ ಬೇಕಾಗುವ ‘ಸಂಪ್ರದಾಯ’ ಎಂಬ ಪದವನ್ನೂ ಒಂದು ಮಾತಿನಲ್ಲಿ ಮುಗಿಸುತ್ತೇನೆ. ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಯೇಸು ಖಂಡಿಸುವುದು ಹಿರಿಯರ ಸಂಪ್ರದಾಯವನ್ನು. ಅದನ್ನು ಕೇಳಿ ಬೆಳೆದವರಿಗೆ ಈ ಪದ ಹಿತವಾಗಿ ಕೇಳಿಸುವುದಿಲ್ಲ. ಪ್ರೇಷಿತರಿಂದ ಬಂದ ಬೋಧನೆಯನ್ನು ‘ಪರಂಪರೆ’ ಎಂದೂ, ಊರೂರಿಗೆ ಬದಲಾಗುವ ರೂಢಿಗಳನ್ನು ‘ಸಂಪ್ರದಾಯ’ ಎಂದೂ ಬೇರ್ಪಡಿಸಿ ಬರೆದರೆ ಗೊಂದಲ ತಪ್ಪುತ್ತದೆ. ಹಾಗೆಯೇ ‘ಅಲೆ’, ‘ಪ್ರವಾಹ’ ಎಂಬ ಪತ್ರಿಕಾ ಪದಗಳನ್ನು ಬಿಟ್ಟಿದ್ದೇನೆ. ಅಮೆರಿಕದಲ್ಲಿ ಪ್ಯೂ ಸಂಶೋಧನಾ ಕೇಂದ್ರದ 2014ರ ಸಮೀಕ್ಷೆಯ ಪ್ರಕಾರ, ಹೊರಗಿನಿಂದ ಬಂದು ಕಥೋಲಿಕರಾದ ಒಬ್ಬೊಬ್ಬರಿಗೆ ಪ್ರತಿಯಾಗಿ ಆರಕ್ಕಿಂತ ಹೆಚ್ಚು ಮಂದಿ ಆ ಸಭೆಯನ್ನು ಬಿಟ್ಟಿದ್ದರು. ಬರುವವರ ಶ್ರದ್ಧೆ ಆಳವಾದದ್ದು, ಸಂಖ್ಯೆ ಚಿಕ್ಕದು; ಪದವು ಎರಡಕ್ಕೂ ನಿಷ್ಠವಾಗಿರಬೇಕು.

ಬಲ್ಲವರಲ್ಲಿ ನನ್ನ ವಿನಂತಿ ಇಷ್ಟು. ಮುದಗಲ್ಲು, ರಾಯಚೂರು, ಕೊಪ್ಪಳದ ಕಡೆಯ ಕಥೋಲಿಕರು ತಮ್ಮ ಮನೆಮಾತಿನಲ್ಲಿ ಚರ್ಚಿಗೆ ಅಥವಾ ಸಂತರಿಗೆ ‘ನಡೆದುಕೊಳ್ಳು’ ಎಂದು ಬಳಸುವುದುಂಟೇ? ರಾಯಚೂರು ಭಾಗದ ಮೆಥೊಡಿಸ್ಟರಲ್ಲಿ ಈ ಪ್ರಯೋಗ ಇದೆಯೇ, ಇದ್ದರೆ ಯಾವ ವಿಭಕ್ತಿಯೊಂದಿಗೆ? ರೀವ್ ಮತ್ತು ಕಿಟೆಲ್ಲರ ಹಳೆಯ ಕನ್ನಡ-ಇಂಗ್ಲಿಷ್ ನಿಘಂಟುಗಳನ್ನು ಕೈಯಲ್ಲಿಟ್ಟುಕೊಂಡವರು ಈ ಶ್ರದ್ಧೆಯ ಅರ್ಥ ಅಲ್ಲಿ ದಾಖಲಾಗಿದೆಯೇ ಎಂದು ನೋಡಿ, ಇದ್ದರೆ ಆ ನಮೂದನ್ನು ಪೂರ್ತಿಯಾಗಿ ಕಳಿಸಿಕೊಡಬೇಕು. ಹಳೆ ಮೈಸೂರು ಮತ್ತು ಕರಾವಳಿಯ ಓದುಗರಿಗೆ ‘ಬಲಿಪೂಜೆಗೆ ನಡೆದುಕೊಳ್ಳುವ ಯುವಕರು’ ಎಂಬ ವಾಕ್ಯ ವಿವರಣೆಯಿಲ್ಲದೆ ಅರ್ಥವಾಗುತ್ತದೆಯೇ ಎಂಬುದನ್ನು ಆ ಕಡೆಯವರು ದಯವಿಟ್ಟು ತಿಳಿಸಬೇಕು.