ಕಾರ್ಪೊರೇಟ್ ಲಾದಲ್ಲಿ ಎಲ್‌ಎಲ್‌ಎಂ ಮಾಡಲಾ, ಸೀನಿಯರ್ ಹತ್ತಿರವೇ ಇರಲಾ?

ಕರಿಕೋಟು_ಜೂನಿಯರ್:
ಎಲ್ಲರಿಗೂ ನಮಸ್ಕಾರ. ಊರು ತುಮಕೂರು. ಮೂರು ವರ್ಷದ ಎಲ್‌ಎಲ್‌ಬಿ ಮುಗಿಸಿ ಎನ್‌ರೋಲ್ ಆಗಿ ಒಂದೂವರೆ ವರ್ಷ ಆಯ್ತು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಒಬ್ಬ ಸೀನಿಯರ್ ಹತ್ತಿರ ಇದ್ದೇನೆ. ಕೆಲಸ ಅಂದ್ರೆ ಡೇಟ್ ಬರೆದುಕೊಳ್ಳುವುದು, ಸರ್ಟಿಫೈಡ್ ಕಾಪಿಗೆ ಅಲೆಯುವುದು, ಸೀನಿಯರ್ ಬೇರೆ ಹಾಲ್‌ನಲ್ಲಿದ್ದಾರೆ ಪಾಸ್‌ಓವರ್ ಕೊಡಿ ಸ್ವಾಮಿ, ಅಂದ್ರೆ ನಮ್ಮ ಕೇಸನ್ನು ಸ್ವಲ್ಪ ಹೊತ್ತು ಬಿಟ್ಟು ಕರೆಯಿರಿ ಅಂತ ಕೇಳುವುದು. ತಿಂಗಳಿಗೆ ಸಿಗುವುದು ಪಿಜಿ ಬಾಡಿಗೆಗೂ ಸಾಲದು. ಕ್ಲಾಟ್ ಪಿಜಿ ಪ್ರವೇಶ ಪರೀಕ್ಷೆ ಬರೆದು ಒಂದು ವರ್ಷದ ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ) ಮಾಡಿದರೆ ಕಂಪನಿ ಕಡೆ ಹೋಗಬಹುದಾ? ಪಿಯುಸಿವರೆಗೂ ಕನ್ನಡ ಮೀಡಿಯಂ, ಅದೊಂದು ಭಯ. ಮಾಡಿದವರು ಇದ್ದದ್ದು ಇದ್ದಂಗೆ ಹೇಳಿ.

ನೋಟೀಸ್_ಮೇಡಂ:
ನಾನು ಮಾಡಿದ್ದೇನೆ. ಇಂಗ್ಲಿಷ್ ಭಯ ನನಗೂ ಇತ್ತು, ನಾನೂ ಕನ್ನಡ ಮೀಡಿಯಂ. ಮೊದಲ ತಿಂಗಳು ಒಂದು ತೀರ್ಪು ಓದಲು ಎರಡು ದಿನ ಬೇಕಾಗುತ್ತಿತ್ತು. ಡಿಸೆಂಬರ್ ಹೊತ್ತಿಗೆ ಬಸ್ಸಿನಲ್ಲೇ ಓದುತ್ತಿದ್ದೆ.

ಪಾಠ ಚೆನ್ನಾಗಿತ್ತು. 1897ರ ಸಾಲೊಮನ್ ಕೇಸು ಗೊತ್ತಲ್ವಾ, ಲಂಡನ್ನಿನ ಬೂಟು ವ್ಯಾಪಾರಿ ತನ್ನ ಅಂಗಡಿಯನ್ನು ತನ್ನದೇ ಕಂಪನಿಗೆ ಮಾರಿದ್ದು. ಎಲ್‌ಎಲ್‌ಬಿಯಲ್ಲಿ ಅದು ಹತ್ತು ಮಾರ್ಕ್ಸಿನ ಪ್ರಶ್ನೆ, ಬರೆದು ಮರೆತುಬಿಡುತ್ತೇವೆ. ಇಲ್ಲಿ ವಾರಪೂರ್ತಿ ಜಗಳ ಆಡಿದೆವು, ಕಂಪನಿ ಮುಳುಗಿದರೆ ಮಾಲೀಕನ ಮನೆ ಉಳಿಯಬೇಕಾ ಅಂತ. ಆದರೆ ನನಗೆ ತಲೆಗೆ ಹೊಕ್ಕಿದ್ದು ದಿವಾಳಿ ಸಂಹಿತೆ, ಅಂದ್ರೆ 2016ರ ಐಬಿಸಿ. ಕಾರಣ ನಮ್ಮ ಚಿಕ್ಕಪ್ಪ. ಕನಕಪುರ ರೋಡಿನಲ್ಲಿ ಫ್ಲಾಟ್ ಬುಕ್ ಮಾಡಿ ವರ್ಷಗಟ್ಟಲೆ ಕಾಯುತ್ತಿದ್ದರು. 2018ರಲ್ಲಿ ತಿದ್ದುಪಡಿ ಮಾಡಿ ಫ್ಲಾಟ್ ಕೊಂಡವರನ್ನೂ ಬ್ಯಾಂಕಿನ ಹಾಗೆ ಹಣಕಾಸು ಸಾಲಿಗರು, ಅಂದ್ರೆ ಕಂಪನಿಗೆ ಸಾಲ ಕೊಟ್ಟವರು ಅಂದರು. 2020ರಲ್ಲಿ ಎನ್‌ಸಿಎಲ್‌ಟಿಗೆ, ಅಂದ್ರೆ ಕಂಪನಿಗಳ ದಿವಾಳಿ ಕೇಸು ನಡೆಸುವ ನ್ಯಾಯಮಂಡಳಿಗೆ, ಒಬ್ಬರೇ ಹೋಗುವಂತಿಲ್ಲ ಅಂದರು. 100 ಜನ ಅಥವಾ ಆ ಪ್ರಾಜೆಕ್ಟಿನಲ್ಲಿ ಕೊಂಡವರ ಶೇ 10, ಯಾವುದು ಕಡಿಮೆಯೋ ಅಷ್ಟು ಜನ ಸೇರಬೇಕು. ಚಿಕ್ಕಪ್ಪನ ವಾಟ್ಸಾಪ್ ಗ್ರೂಪಿನಲ್ಲಿ ಅಷ್ಟು ಜನ ಇದ್ದರು, ಸಹಿ ಹಾಕುವವರು ಆರು. ನನ್ನ ಡಿಸರ್ಟೇಶನ್ ಅದರ ಮೇಲೆಯೇ.

ಇನ್ನು ಕೆಲಸ. ಪ್ಲೇಸ್‌ಮೆಂಟ್‌ಗೆ ಬಂದ ದೊಡ್ಡ ಫರ್ಮುಗಳೆಲ್ಲ ಐದು ವರ್ಷದ ಕೋರ್ಸಿನವರನ್ನೇ ನೋಡಿಕೊಂಡು ಹೋದವು. ನಾವು ಎಲ್‌ಎಲ್‌ಎಂನವರು ಸುಮ್ನೆ ಫಾರ್ಮ್ ತುಂಬಿದ್ದು. ಕಾಲೇಜಿನ ಹೆಸರು ಬೇಡ ಬಿಡಿ. ಆಮೇಲೆ ನಾನೇ ಅಲೆದು ಒಂದು ಚಿಕ್ಕ ಆಫೀಸಿಗೆ ಹೋದೆ. ಅಲ್ಲಿ ಡಿಗ್ರಿ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಒಂದು ಕಟ್ಟು ಬಿಲ್ ಕೊಟ್ಟು, ಸಪ್ಲೈ ಮಾಡಿದವನಿಗೆ ದುಡ್ಡು ಬಂದಿಲ್ಲ, ಐಬಿಸಿ ಸೆಕ್ಷನ್ 8ರ ಡಿಮ್ಯಾಂಡ್ ನೋಟೀಸ್, ಅಂದ್ರೆ ಬಾಕಿ ಕೊಡಿ ಅನ್ನುವ ನೋಟೀಸ್ ಬರೆಯಿರಿ ಅಂದರು. ಹತ್ತು ದಿನದ ಗಡುವು, ಮೊದಲೇ ತಕರಾರು ಇತ್ತಾ ಅನ್ನುವ ಪ್ರಶ್ನೆ, ಸುಪ್ರೀಂ ಕೋರ್ಟ್ ತೀರ್ಪು, ಎಲ್ಲ ಸೇರಿಸಿ ನಾಲ್ಕು ಪುಟ ಬರೆದೆ. ಅವರು ಓದಲೇ ಇಲ್ಲ. ಬಿಲ್ ಕೂಡಿದ್ರಾ ಅಂತ ಕೇಳಿದರು. ಕೂಡಿದರೆ 84 ಲಕ್ಷ. 2020ರ ಮಾರ್ಚಿನಿಂದ ಒಂದು ಕೋಟಿಗಿಂತ ಕಡಿಮೆ ಬಾಕಿ ಇದ್ದರೆ ಎನ್‌ಸಿಎಲ್‌ಟಿ ಬಾಗಿಲೇ ತೆರೆಯುವುದಿಲ್ಲ! ನನಗೆ ಅದು ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕೂಡಬೇಕು ಅಂತ ಹೊಳೆಯಲಿಲ್ಲ ಅಷ್ಟೇ. ಹೇಗೋ ಕೆಲಸ ಕೊಟ್ಟರು.

ಅದಕ್ಕೇ ಹೇಳುವುದು, ಇನ್ನೊಂದು ವರ್ಷ ಫೈಲು ಹೊತ್ತು ಆಮೇಲೆ ಹೋಗಿ. ನೀವು ಈಗ ಬೈಯುತ್ತಿರುವ ಕೆಲಸ ಕ್ಲಾಸಿನಲ್ಲಿ ಕೂತಾಗ ಉಪಯೋಗಕ್ಕೆ ಬರುತ್ತದೆ.

ಸಿಎಸ್_ಜಯನಗರ:
ಗುರು, ಕಂಪನಿ ಒಳಗೆ ಕೂರಬೇಕು ಅಂದ್ರೆ ಸಿಎಸ್ (ಕಂಪನಿ ಸೆಕ್ರೆಟರಿ ಕೋರ್ಸ್) ಮಾಡು. ಪಾವತಿಯಾದ ಬಂಡವಾಳ 10 ಕೋಟಿ ದಾಟಿದ ಕಂಪನಿ ಪೂರ್ಣಾವಧಿ ಕಂಪನಿ ಸೆಕ್ರೆಟರಿ ಇಟ್ಟುಕೊಳ್ಳಲೇಬೇಕು, ಕಾನೂನಿನಲ್ಲೇ ಇದೆ. ಎಲ್‌ಎಲ್‌ಎಂ ಆದವರನ್ನು ಇಟ್ಟುಕೊಳ್ಳಿ ಅಂತ ಯಾವ ಸೆಕ್ಷನ್ನೂ ಹೇಳಿಲ್ಲ. ಪರೀಕ್ಷೆ ಮಾತ್ರ ಪ್ರಾಣ ತೆಗೆಯುತ್ತೆ, ನಾನೇ ಒಂದು ಗ್ರೂಪನ್ನು ಮೂರು ಸಲ ಬರೆದೆ.

ನೋಟೀಸ್_ಮೇಡಂ:
ಅದು ನಿಜ ಸರ್. ಆದರೆ ಅವರಿಗೆ ವಾದ ಮಾಡುವ ಆಸೆ ಇದ್ದರೆ? ಬೈಜೂಸ್ ಮೇಲೆ ಬಿಸಿಸಿಐ ಹಾಕಿದ ದಿವಾಳಿ ಅರ್ಜಿಯನ್ನು 2024ರ ಜುಲೈನಲ್ಲಿ ದಾಖಲು ಮಾಡಿಕೊಂಡಿದ್ದು ಎನ್‌ಸಿಎಲ್‌ಟಿಯ ನಮ್ಮ ಬೆಂಗಳೂರು ಪೀಠವೇ. ಕಲಿಯಲು ಡೆಲ್ಲಿಗೇ ಹೋಗಬೇಕು ಅಂತೇನಿಲ್ಲ. ಬಿಡುವಿದ್ದ ದಿನ ಹೋಗಿ ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ.

ಪಾಠದ_ಮೇಷ್ಟ್ರು:
ಪಾಠ ಮಾಡುವ ಆಸೆ ಇದ್ದರೆ ಎಲ್‌ಎಲ್‌ಎಂ ಬೇಕೇ ಬೇಕು, ಜೊತೆಗೆ ಯುಜಿಸಿಯ ನೆಟ್ ಪರೀಕ್ಷೆ ಕೂಡ. ಎಲ್‌ಎಲ್‌ಎಂನಲ್ಲಿ ಶೇ 55ಕ್ಕಿಂತ ಕೆಳಗೆ ಬೀಳಬೇಡಿ, ಆಮೇಲೆ ಏನೂ ಮಾಡಕ್ಕಾಗಲ್ಲ.

ಕರಿಕೋಟು_ಜೂನಿಯರ್:
ಎಲ್ಲರಿಗೂ ಥ್ಯಾಂಕ್ಸ್. ಮೇಡಂ, ನಾನಾಗಿದ್ದರೆ ಮೊದಲು ಬಿಲ್ ಕೂಡುತ್ತಿದ್ದೆ, ಯಾಕಂದ್ರೆ ಕೋರ್ಟ್ ಫೀ ಲೆಕ್ಕ ತಪ್ಪಿದರೆ ಸೀನಿಯರ್ ಹತ್ತಿರ ಬೈಸಿಕೊಳ್ಳುವುದು ನಾನೇ. ಈ ವರ್ಷ ಇಲ್ಲೇ ಇದ್ದು ಕ್ಲಾಟ್‌ಗೆ ಓದುತ್ತೇನೆ. ಅಂದಹಾಗೆ ಚಿಕ್ಕಪ್ಪನಿಗೆ ಫ್ಲಾಟ್ ಸಿಕ್ತಾ?

ನೋಟೀಸ್_ಮೇಡಂ:
ಇಲ್ಲ. ಪಾರ್ಕಿಂಗ್ ಜಾಗ ಮಾತ್ರ ತೋರಿಸಿದ್ದಾರೆ.