ಬ್ಯಾಕ್‌ಪೋರ್ಟ್ ಸಲೀಸಾಗಿ ಕೂತಿತು, ಟೆಸ್ಟ್ ಎಲ್ಲ ಪಾಸ್, ಆದರೂ 2.4.6ರಲ್ಲಿ 44.28 ಕಿಲೋ ತೊಗರಿ 40 ಕಿಲೋ ಎಂದು ಮುದ್ರಣವಾಗುತ್ತಿದೆ

ಪ್ರಶ್ನೆ, ಕಲಬುರಗಿಯಿಂದ:

ನಮಸ್ಕಾರ. ಎಲೆಕ್ಟ್ರಾನಿಕ್ ಕಾಟಾದಿಂದ ತೂಕ ಓದಿ ರೈತರಿಗೆ ಚೀಟಿ ಮುದ್ರಿಸುವ ಸಣ್ಣ ಮುಕ್ತ ತಂತ್ರಾಂಶವೊಂದನ್ನು ನೋಡಿಕೊಳ್ಳುತ್ತಿದ್ದೇನೆ. ಗಂಜಿನ (ಕೃಷಿ ಮಾರುಕಟ್ಟೆಯ) ಅಡತಿ ಅಂಗಡಿಗಳೆಲ್ಲ 2.4ರ ಸ್ಟೇಬಲ್ ಶಾಖೆಯಲ್ಲಿವೆ, ಅಂದರೆ ದೋಷದ ತಿದ್ದುಪಡಿ ಮಾತ್ರ ಸೇರುವ ಹಳೆಯ ಆವೃತ್ತಿಯಲ್ಲಿ. ಹೊಸ ಕೆಲಸವೆಲ್ಲ ಮೈನ್ ಶಾಖೆಯಲ್ಲಿ ನಡೆಯುತ್ತದೆ.

ಕಾಟಾದ ಕೊನೆಯ ಅಂಕಿ ಒಂದೆಡೆ ನಿಲ್ಲುವುದಿಲ್ಲ. ಅದಕ್ಕಾಗಿ ಮೈನ್‌ನಲ್ಲಿ ತೂಕವನ್ನು ಸಮೀಪದ ಹತ್ತಕ್ಕೆ ಅಂದಾಜಿಸುವ ಒಂದು ಸಾಲಿನ ತಿದ್ದುಪಡಿ ಹಾಕಿದೆ. ಅದನ್ನೇ ಟೆಸ್ಟಿನ ಸಮೇತ 2.4ಕ್ಕೆ ಚೆರ್ರಿ-ಪಿಕ್ ಮಾಡಿದೆ, ಅಂದರೆ ಆ ಒಂದು ಬದಲಾವಣೆಯನ್ನಷ್ಟೇ ನಕಲಿಸಿ ಹಳೆಯ ಶಾಖೆಗೆ ತಂದೆ (ಇದೇ ಬ್ಯಾಕ್‌ಪೋರ್ಟ್). ಸಾಲುಗಳು ಹೊಂದುತ್ತಿಲ್ಲ ಎಂದು ಗಿಟ್ (ಕೋಡ್ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶ) ತಡೆಯುವ ಕಾನ್‌ಫ್ಲಿಕ್ಟ್ ಒಂದೂ ಬರಲಿಲ್ಲ. 50003 ಕೊಟ್ಟರೆ 50000 ಬರಬೇಕು ಎಂಬ ಟೆಸ್ಟ್ ಎರಡೂ ಶಾಖೆಗಳಲ್ಲಿ ಪಾಸಾಯಿತು. 2.4.6 ಎಂದು ಬಿಡುಗಡೆ ಮಾಡಿದ ಮರುದಿನ ಯಾದಗಿರಿಯಿಂದ ಚೀಟಿಯ ಫೋಟೊ ಬಂತು: 44.28 ಕಿಲೋ ಇರಬೇಕಾದಲ್ಲಿ 40. ಒಂದೇ ಚೀಲಕ್ಕೆ ನಾಲ್ಕು ಕಿಲೋಗೂ ಹೆಚ್ಚು ತೊಗರಿ ರೈತನ ಕೈ ಬಿಡುತ್ತಿದೆ. ರಾತ್ರಿಯೆಲ್ಲ ಕೋಡ್ ನೋಡಿದರೂ ತಪ್ಪು ಸಿಗುತ್ತಿಲ್ಲ.

ಉತ್ತರ, ಬೀದರಿನಿಂದ:

ತಮ್ಮಾ, ಕಾರಣ ಆಮೇಲೆ ಹುಡುಕೋಣ. ಮೊದಲು ಆ ಕಮಿಟ್ (ಗಿಟ್‌ನಲ್ಲಿ ದಾಖಲಾದ ಬದಲಾವಣೆ) ರಿವರ್ಟ್ ಮಾಡಿ, ಅಂದರೆ ಹಿಂತೆಗೆದು, 2.4.7 ಬಿಡುಗಡೆ ಮಾಡಿ. 2.4.6ರ ಟ್ಯಾಗನ್ನು (ಆ ಬಿಡುಗಡೆಯ ಕಮಿಟ್‌ಗೆ ಇಟ್ಟ ಹೆಸರನ್ನು) ಅಳಿಸಬೇಡಿ, ಬೇರೆ ಕಮಿಟ್‌ಗೂ ಸರಿಸಬೇಡಿ. ಒಂದೇ ಹೆಸರಿನಲ್ಲಿ ಎರಡು ಬಗೆಯ ಕೋಡ್ ಓಡಾಡಿದರೆ ಯಾವ ಅಂಗಡಿಯಲ್ಲಿ ಯಾವುದಿದೆ ಎಂದು ನಿಮಗೇ ತಿಳಿಯದಂತಾಗುತ್ತದೆ.

ಒಂದು ಪ್ರಶ್ನೆ: ಮೈನ್‌ನಲ್ಲಿ ತೂಕವನ್ನು ಯಾವ ಮಾನದಲ್ಲಿ ಇಡುತ್ತೀರಿ? 2.4ರಲ್ಲಿ? ಶಾಖೆಯ ಹೆಸರು, ಎರಡು ಚುಕ್ಕಿ, ಮೈನ್‌ನ ಆ ಕಮಿಟ್, ಕೊನೆಗೆ ಫೈಲಿನ ಹೆಸರು ಕೊಟ್ಟು ಗಿಟ್ ಲಾಗ್ ತೆಗೆಯಿರಿ. ಆ ಫೈಲನ್ನು ಮುಟ್ಟಿದ್ದರೂ ಸ್ಟೇಬಲ್‌ಗೆ ಬಾರದ ಕಮಿಟ್‌ಗಳೆಲ್ಲ ಸಾಲಾಗಿ ಕಾಣುತ್ತವೆ.

ಕಲಬುರಗಿಯಿಂದ:

ಸಿಕ್ಕಿತು, ಸರ್! ಹೋದ ವರ್ಷ ಮೈನ್‌ನಲ್ಲಿ ಕಿಲೋ ಬಿಟ್ಟು ಗ್ರಾಂಗೆ ಬದಲಾಯಿಸಿದ್ದೆ. 2.4ರಲ್ಲಿ ಇನ್ನೂ ಕಿಲೋ ಇದೆ. ಹತ್ತು ಗ್ರಾಂಗೆ ಅಂದಾಜಿಸಬೇಕಾದ ಸಾಲು ಅಲ್ಲಿ ಹತ್ತು ಕಿಲೋಗೆ ಅಂದಾಜಿಸುತ್ತಿದೆ. ಆದರೆ ಟೆಸ್ಟ್ ಇದನ್ನು ಏಕೆ ಹಿಡಿಯಲಿಲ್ಲ?

ಬೀದರಿನಿಂದ:

ಟೆಸ್ಟ್ ಕೂಡ ಮೈನ್‌ನಿಂದಲೇ ಬಂದದ್ದು. ಅದು ಗ್ರಾಂ ಲೆಕ್ಕದಲ್ಲಿ ಕೇಳಿತು, ಅಂದಾಜಿಸುವ ಫಂಕ್ಷನ್ (ಆ ಕೆಲಸ ಮಾಡುವ ಕೋಡ್ ತುಣುಕು) ಗ್ರಾಂ ಲೆಕ್ಕದಲ್ಲೇ ಉತ್ತರಿಸಿತು. ಕಿಲೋ ಕಳಿಸುವುದು ಆ ಫಂಕ್ಷನ್ನನ್ನು ಕರೆಯುವ ಹಳೆಯ ಕೋಡ್. ಅದನ್ನು ಯಾರೂ ಪರೀಕ್ಷಿಸಲಿಲ್ಲ. ಗಿಟ್ ನೋಡುವುದು ಅಕ್ಕಪಕ್ಕದ ಸಾಲುಗಳನ್ನು ಮಾತ್ರ, ಆ ಸಂಖ್ಯೆ ಗ್ರಾಮೋ ಕಿಲೋವೋ ಎಂಬುದು ಅದಕ್ಕೆ ತಿಳಿಯದು. ನನ್ನ ಅನುಭವದಲ್ಲಿ ಕಾನ್‌ಫ್ಲಿಕ್ಟ್ ಬಂದ ಬ್ಯಾಕ್‌ಪೋರ್ಟ್‌ಗಿಂತ ಬಾರದ ಬ್ಯಾಕ್‌ಪೋರ್ಟ್ ಹೆಚ್ಚು ಅಪಾಯ, ಏಕೆಂದರೆ ಅಲ್ಲಿ ಯಾರೂ ಕಣ್ಣಿಟ್ಟು ಓದುವುದಿಲ್ಲ.

ಗ್ರಾಂಗೆ ಬದಲಾಯಿಸಿದ ಕಮಿಟ್ಟನ್ನೂ 2.4ಕ್ಕೆ ತರುವ ಯೋಚನೆ ಬಂದರೆ ಬಿಟ್ಟುಬಿಡಿ. ಅಂಗಡಿಗಳಲ್ಲಿ ಉಳಿಸಿರುವ ದತ್ತಾಂಶದ ಅರ್ಥವೇ ಬದಲಾಗುತ್ತದೆ. ಲಿನಕ್ಸ್ ಕರ್ನಲ್‌ನ (ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನ) ಸ್ಟೇಬಲ್ ನಿಯಮಗಳೂ ತಿದ್ದುಪಡಿ ಮೊದಲು ಮುಖ್ಯ ಶಾಖೆಯಲ್ಲಿರಬೇಕು, ಸುತ್ತಲಿನ ಸಾಲುಗಳೂ ಸೇರಿ 100 ಸಾಲು ಮೀರಬಾರದು ಎನ್ನುತ್ತವೆ. ಮೊದಲೇ ಬೇಕಾದ ಬೇರೆ ಕಮಿಟ್‌ಗಳಿದ್ದರೆ ಅವುಗಳ ಗುರುತನ್ನು ಬರೆಯುವ ಪದ್ಧತಿಯೂ ಅಲ್ಲಿದೆ. ನೀವು 2.4ಕ್ಕೆಂದೇ ಬೇರೆಯಾಗಿ ಬರೆಯಿರಿ: ಕಿಲೋದಲ್ಲಿ ಎರಡು ದಶಮಾಂಶಕ್ಕೆ ಅಂದಾಜು. ಯಾವ ಕಮಿಟ್‌ನಿಂದ ಬಂತು, ಏಕೆ ಬೇರೆಯಾಯಿತು ಎಂಬುದನ್ನು ಸಂದೇಶದಲ್ಲಿ ಎರಡು ಸಾಲು ಬರೆದಿಡಿ.

ಇನ್ನು ಮುಂದೆ ತಿದ್ದುಪಡಿಗೆ ಮೊದಲು ಬರೀ ಟೆಸ್ಟನ್ನು ಸ್ಟೇಬಲ್ ಮೇಲೆ ಓಡಿಸಿ. ಅದು ಅಲ್ಲಿ ಫೇಲ್ ಆಗಬೇಕು, ಅದೂ ಅಂಗಡಿಯಲ್ಲಿ ಕಂಡ ದೋಷದಿಂದಲೇ. ಕಾಟಾದ ಸಂಕೇತದಿಂದ ಮುದ್ರಿತ ಚೀಟಿಯವರೆಗೆ ಇಡೀ ದಾರಿಯ ಟೆಸ್ಟ್ ಒಂದಾದರೂ ಇರಲಿ.

ಯಾದಗಿರಿಯಿಂದ:

ಅಣ್ಣಾ, ಫೋಟೊ ಕಳಿಸಿದವಳು ನಾನೇ. ಕಾಟಾ ಕಳಿಸಿದ ಮೂಲ ಅಂಕಿಗಳು ನಮ್ಮ ಕಂಪ್ಯೂಟರಿನ ಲಾಗ್ ಫೈಲಿನಲ್ಲಿ ಹಾಗೆಯೇ ಇವೆ. ರೈತರ ಹೆಸರು ತೆಗೆದು ಕಳಿಸುತ್ತೇನೆ. ಟೆಸ್ಟಿಗೆ ಅದನ್ನೇ ಬಳಸಿ.

ಕಲಬುರಗಿಯಿಂದ:

ಅಕ್ಕಾ, ಬಹಳ ಉಪಕಾರವಾಯಿತು. ನಿಮ್ಮ ಲಾಗನ್ನು 2.4.6ರ ಮೇಲೆ ಓಡಿಸಿದರೆ ಆ ದಿನದ ತಪ್ಪು ಚೀಟಿಗಳೆಲ್ಲ ಹಾಗೆಯೇ ಮರುಕಳಿಸುತ್ತವೆ. ಹೊಸ ತಿದ್ದುಪಡಿಯ ಮೇಲೆ 44.283 ಎಂಬುದು 44.28 ಎಂದೇ ಬರುತ್ತಿದೆ. 2.4.7ರಲ್ಲಿ ರಿವರ್ಟ್ ಮಾತ್ರ ಹೋಗಿದೆ. ಹೊಸ ತಿದ್ದುಪಡಿ 2.4.8ರಲ್ಲಿ ಬರುತ್ತದೆ, ಅದೂ ನಿಮ್ಮ ಅಂಗಡಿಯ ಕಾಟಾದ ಮೇಲೆ ನೀವು ಎರಡು ದಿನ ನೋಡಿದ ಮೇಲೆಯೇ. ಲಾಗ್‌ನಿಂದ ಸರಿಯಾದ ಚೀಟಿಗಳನ್ನು ಮರುಮುದ್ರಿಸುವ ಸ್ಕ್ರಿಪ್ಟನ್ನು ಇಂದು ಸಂಜೆಯೇ ಕಳಿಸುತ್ತೇನೆ. ಆ ದಿನ ಮಾಲು ತಂದ ಎಲ್ಲರಿಗೂ ಹೊಸ ಚೀಟಿ ತಲುಪಬೇಕು.