ಝೇನ್ ಮಲಿಕ್‌ನ 'ಮೈಂಡ್ ಆಫ್ ಮೈನ್' ಪೂರ್ತಿ ಕೇಳಬೇಕಾ?

ಸಂಜೆಪಯಣಿಗ:
ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಒನ್ ಡೈರೆಕ್ಷನ್ ಅನ್ನೋ ಹುಡುಗರ ಪಾಪ್ ಗುಂಪು ಅಂದ್ರೆ ಪ್ರಾಣ. ಅವಳು ಹಾಕಿದ್ದನ್ನು ಕೇಳಿ ಕೇಳಿ ಆ ಐದು ಜನರ ದನಿಯೂ ನನಗೆ ಗುರುತು ಸಿಗುವ ಹಾಗಾಗಿದೆ. ಝೇನ್ ಗುಂಪು ಬಿಟ್ಟ ಮೇಲೆ ಮಾಡಿದ ಮೊದಲ ಆಲ್ಬಂ 'ಮೈಂಡ್ ಆಫ್ ಮೈನ್' ಕೇಳು, ಅದರಲ್ಲಿ ಉರ್ದು ಹಾಡೂ ಇದೆ ಅಂತ ಹೇಳ್ತಾಳೆ. 'ಪಿಲ್ಲೋಟಾಕ್' ಒಂದೇ ಕೇಳಿದ್ದೇನೆ. ಇಷ್ಟ ಆಯ್ತು. ಅದರ ಮುಂದಿನವು ಯಾಕೋ ಎಲ್ಲಾ ಒಂದೇ ಥರ ನಿಧಾನ ಅನ್ನಿಸಿ ನಿಲ್ಲಿಸಿಬಿಟ್ಟೆ. ನಾನು ಜಾಸ್ತಿ ಕೇಳೋದು ಸಿನಿಮಾ ಹಾಡು, ಸ್ವಲ್ಪ ಕವ್ವಾಲಿ. ನನ್ನಂಥವರು ಇದನ್ನು ಪೂರ್ತಿ ಕೇಳಬಹುದಾ? ಎಲ್ಲಿಂದ ಶುರು ಮಾಡಲಿ?

ಬಸ್‌ಸ್ಟ್ಯಾಂಡ್ ರೇಡಿಯೋ:
'ಲೈಕ್ ಐ ವುಡ್' ಕೇಳಿ. ಕುಣಿಯೋ ಹಾಗಿದೆ. ಆದರೆ ಅದು ಮಾಮೂಲಿ ಆಲ್ಬಂನಲ್ಲಿ ಸಿಗಲ್ಲ, 18 ಹಾಡಿನ ಡಿಲಕ್ಸ್‌ನಲ್ಲಿದೆ. ಉಳಿದದ್ದು ರಾತ್ರಿ ಹೊತ್ತು ಕೇಳುವಂಥದ್ದು. ನನಗೂ ಅರ್ಧದ ನಂತರ ಬೇಸರ ಬಂತು, ಸುಳ್ಳು ಯಾಕೆ ಹೇಳಲಿ.

ಮಧ್ಯಮಾವತಿ:
ಪೂರ್ತಿ ಕೇಳಿ. ದಯವಿಟ್ಟು ಬಿಡಿಬಿಡಿಯಾಗಿ ಕೇಳಬೇಡಿ. ಈ ಆಲ್ಬಂ ನನಗೆ ತುಂಬಾ ಹತ್ತಿರದ್ದು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮಗೆ ಐದೂ ದನಿ ಗುರುತು ಸಿಗುತ್ತೆ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ಒನ್ ಡೈರೆಕ್ಷನ್ ಹಾಡುಗಳಲ್ಲಿ ಸಾಲುಗಳನ್ನು ಹಂಚಿಕೊಂಡು ಹಾಡುತ್ತಿದ್ದರು. ಲಿಯಾಮ್ ಶುರು ಮಾಡಿದ್ದನ್ನು ಹ್ಯಾರಿ ಎತ್ತಿಕೊಳ್ಳೋದು, ಆಮೇಲೆ ನಯಲ್, ಲೂಯಿ. ಝೇನ್‌ಗೆ ಬಹಳ ಸಲ ಸಿಗುತ್ತಿದ್ದದ್ದು ಹಾಡು ಏರುವ ಜಾಗ. 'ಯೂ ಆ್ಯಂಡ್ ಐ' ಹಾಡಿನಲ್ಲಿ ಅವನು ಎಳೆಯುವ ಆ ಉದ್ದದ ಮೇಲಿನ ಸ್ವರ ನಿಮ್ಮ ತಂಗಿಗೆ ಖಂಡಿತ ಬಾಯಿಪಾಠ ಇರುತ್ತದೆ. ಅಷ್ಟು ಹಾಡಿ ಅವನು ಹಿಂದೆ ಸರಿಯಬೇಕಿತ್ತು. 2010ರಿಂದ ಗುಂಪು ಬಿಡುವವರೆಗೂ ಹೀಗೇ ನಡೆಯಿತು.

ಅವನ ಒಲವು ಮೊದಲಿನಿಂದಲೂ ಬೇರೆ ಕಡೆ ಇತ್ತು. ಬ್ರಾಡ್‌ಫರ್ಡ್ ಊರಿನ ಹುಡುಗ. ತಂದೆ ಪಾಕಿಸ್ತಾನ ಮೂಲದವರು, ತಾಯಿ ಇಂಗ್ಲಿಷಿನವರು. 'ಎಕ್ಸ್ ಫ್ಯಾಕ್ಟರ್' ಅನ್ನೋ ಟಿವಿ ಹಾಡಿನ ಸ್ಪರ್ಧೆಯ ಆಡಿಷನ್‌ಗೆ ಹೋದಾಗ ಅವನಿಗೆ 17 ವರ್ಷ. ಅಲ್ಲಿ ಹಾಡಿದ್ದು ಮಾರಿಯೋನ 'ಲೆಟ್ ಮಿ ಲವ್ ಯೂ', ಅಂದರೆ ಅಪ್ಪಟ ಆರ್ ಆ್ಯಂಡ್ ಬಿ (ರಿದಮ್ ಆ್ಯಂಡ್ ಬ್ಲೂಸ್, ಅಮೆರಿಕದ ಕಪ್ಪು ಜನರಿಂದ ಬಂದ ಹಾಡಿನ ಶೈಲಿ). ಮುಂದಿನ ಸುತ್ತಿನಲ್ಲಿ ಕುಣಿಯಬೇಕು ಅಂದಾಗ ಸ್ಟೇಜಿಗೇ ಬರಲಿಲ್ಲ. ತೀರ್ಪುಗಾರ ಸೈಮನ್ ಕೊವೆಲ್ ಸ್ಟೇಜಿನ ಹಿಂದೆ ಹೋಗಿ ಮಾತಾಡಿಸಿ ಕರೆದುಕೊಂಡು ಬಂದರು. ಹಾಡು ಬೇಕು, ಸುತ್ತಲಿನ ಗದ್ದಲ ಬೇಡ. ಅವನು ಹಾಗೇ.

2015ರ ಮಾರ್ಚ್ 25ರಂದು ಗುಂಪು ಬಿಟ್ಟ. ಸರಿಯಾಗಿ ಒಂದು ವರ್ಷಕ್ಕೆ, 2016ರ ಮಾರ್ಚ್ 25ರಂದು, ಈ ಆಲ್ಬಂ ಬಂತು. ಅದಕ್ಕೂ ಮೊದಲು ಜನವರಿ ಕೊನೆಯಲ್ಲಿ ಬಂದ 'ಪಿಲ್ಲೋಟಾಕ್' ಅಮೆರಿಕದ ಹಾಟ್ 100 ಪಟ್ಟಿಗೆ ನೇರ ಮೊದಲ ಸ್ಥಾನಕ್ಕೇ ಬಂದು ಕೂತಿತ್ತು. ಆಲ್ಬಂ ಕೂಡ ಬ್ರಿಟನ್, ಅಮೆರಿಕ ಎರಡೂ ಕಡೆ ನಂಬರ್ ಒನ್ ಆಯ್ತು.

ನನಗೆ ಇದಕ್ಕಿಂತ ಮುಖ್ಯ ಅನ್ನಿಸೋದು ಅವನು ಜೊತೆಗೆ ಆರಿಸಿಕೊಂಡ ಮನುಷ್ಯ. ಮಾಲೇ ಅಂತ ನಿರ್ಮಾಪಕ, ಅಮೆರಿಕದ ಗಾಯಕ ಫ್ರ್ಯಾಂಕ್ ಓಷನ್‌ನ 'ಚಾನೆಲ್ ಆರೆಂಜ್' ಆಲ್ಬಂ ಮಾಡಿದವರಲ್ಲಿ ಒಬ್ಬರು. ಹೊಸದಾಗಿ ಒಂಟಿಯಾಗಿ ಹೊರಟ ಹುಡುಗನಿಗೆ ಹಿಟ್ ಕೊಡುವ ಕೈಗಳು ಎಷ್ಟು ಬೇಕಾದರೂ ಸಿಗುತ್ತಿದ್ದವು, ಅಲ್ವಾ? ಅವನು ಹೋಗಿದ್ದು ದನಿಗೆ ಜಾಗ ಬಿಡುವವರ ಹತ್ತಿರ. ಲಾಸ್ ಏಂಜಲೀಸ್ ಹತ್ತಿರದ ಕಾಡಿನಲ್ಲಿ ಟೆಂಟ್ ಹಾಕಿ, ಜನರೇಟರ್ ಇಟ್ಟುಕೊಂಡು ಕೂಡ ಇಬ್ಬರೂ ರೆಕಾರ್ಡಿಂಗ್ ಮಾಡಿದ್ದಾರೆ.

ಈಗ ನಿಮಗೆ ನಿಧಾನ ಅನ್ನಿಸಿದ ಹಾಡಿಗೆ ಬರೋಣ. ಮೂರನೆಯದು, 'ಇಟ್ಸ್ ಯೂ'. ಇಯರ್‌ಫೋನ್ ಹಾಕಿಕೊಂಡೇ ಕೇಳಿ. ಕೆಳಗೆ ಆರ್ಗನ್ ಮಂದವಾಗಿ ಹರಿಯುತ್ತಿರುತ್ತದೆ. ಚರಣದಲ್ಲಿ ಅವನ ದನಿ ತೀರಾ ಹತ್ತಿರ, ಉಸಿರೆಳೆಯೋದು ಕೂಡ ಕೇಳಿಸುತ್ತದೆ. ಪಲ್ಲವಿಗೆ ಬಂದ ಕೂಡಲೇ ಫಾಲ್ಸೆಟ್ಟೊಗೆ ಹೋಗುತ್ತಾನೆ. ನಮ್ಮ ಸಂಗೀತ ಪಾಠದಲ್ಲಿ ಕಳ್ಳದನಿ ಅಂತ ಮೇಷ್ಟ್ರು ಬೇಡ ಅನ್ನುತ್ತಿದ್ದರಲ್ಲ, ಅದೇ. ನಾನೂ ಹಾಗೇ ಕಲಿತವಳು, ತುಂಬು ಕಂಠದಲ್ಲೇ ಹಾಡಬೇಕು ಅಂತ. ಆದರೂ ಇಲ್ಲಿ ತುಂಬು ಕಂಠದಲ್ಲಿ ಹಾಡಿದ್ದರೆ ಆ ನೋವು ಬರುತ್ತಲೇ ಇರಲಿಲ್ಲ. ಒಂದು ದನಿಯಿಂದ ಇನ್ನೊಂದಕ್ಕೆ ಜಾರುವ ಜಾಗ ಗಮನಿಸಿ. ಅಲ್ಲಿ ಬಿರುಕಿಲ್ಲ, ನೀರು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದ ಹಾಗೆ ಹೋಗುತ್ತದೆ. ಗುಂಪಿನಲ್ಲಿದ್ದಾಗ ಇದಕ್ಕೆಲ್ಲ ಸಮಯವೇ ಇರಲಿಲ್ಲ. ನಾಲ್ಕು ಸಾಲಿನಲ್ಲಿ ಏನು ಜಾರಲಿಕ್ಕಾಗುತ್ತದೆ?

ಇನ್ನು ಉರ್ದು ಹಾಡು. ಏಳನೆಯದು, 14 ಹಾಡುಗಳ ಸರಿ ಮಧ್ಯದಲ್ಲಿದೆ. ಹೆಸರು 'ಫ್ಲವರ್', ಅದರ ಹಿಂದೆ 'ಇಂಟರ್‌ಮಿಷನ್' ಅಂತ ಸೇರಿಸಿದ್ದಾನೆ. ಎರಡು ನಿಮಿಷವೂ ಇಲ್ಲ. ಡ್ರಮ್ಸ್ ಹೊಡೆತ ಇಲ್ಲ, ಹೆಚ್ಚುಕಡಿಮೆ ದನಿಯೊಂದೇ. ನೀವು ಕವ್ವಾಲಿ ಕೇಳುವವರು, ನಿಮಗೆ ಅದು ಕೂಡಲೇ ಹಿಡಿಸುತ್ತೆ. ಕವ್ವಾಲರ ಅಬ್ಬರ, ಚಪ್ಪಾಳೆ ಇದರಲ್ಲಿಲ್ಲ. ಶುರುವಿನಲ್ಲಿ ಗಾಯಕ ಒಬ್ಬನೇ ಸ್ವರ ಹುಡುಕುತ್ತಾ ಆಲಾಪ ಮಾಡುವ ಹೊತ್ತು ಇರುತ್ತಲ್ಲ, ಅಷ್ಟೇ ಇದೆ. ಆ ಉರುಳುವ ಸ್ವರಗಳು ಅವನ ಇಂಗ್ಲಿಷ್ ಹಾಡುಗಳಲ್ಲೂ ಇವೆ, 'ಬಿಫೋರ್'ನಲ್ಲಿ ಸಾಲು ಮುಗಿಸುವ ರೀತಿ ನೋಡಿ. ಅಮೆರಿಕದ ಆರ್ ಆ್ಯಂಡ್ ಬಿಯಿಂದ ಕಲಿತದ್ದಾ, ಅಪ್ಪನ ಮನೆಯ ಕಡೆಯಿಂದ ಬಂದದ್ದಾ ಅಂತ ಬೇರೆ ಮಾಡಲಿಕ್ಕೆ ನನಗಾಗಲ್ಲ. 'ಫ್ಲವರ್' ಕೇಳಿದ ಮೇಲೆ ಬೇರೆ ಮಾಡುವ ಆಸೆಯೂ ಹೋಯ್ತು. ಬಾಯ್ ಬ್ಯಾಂಡ್‌ನಿಂದ ಬಂದ ಹುಡುಗ, ಮೊದಲ ಆಲ್ಬಂ, ಇಡೀ ಲೋಕ ಕಾಯುತ್ತಿದೆ. ಅದರ ನಟ್ಟನಡುವೆ ತನ್ನ ತಂದೆಯ ಕಡೆಯ ಭಾಷೆ ಇಟ್ಟ. ನನಗೆ ಈ ಆಲ್ಬಂ ಮೇಲಿನ ಗೌರವ ಅಲ್ಲಿಂದಲೇ.

ಎರಡನೇ ಅರ್ಧ ಸ್ವಲ್ಪ ಜಗ್ಗುತ್ತದೆ, ಅದು ನಿಜ. 'ಬಾರ್ಡರ್ಸ್', 'ಟ್ರೂತ್' ಒಂದರ ಹಿಂದೆ ಒಂದು ಬಂದಾಗ ವೇಗ ಇಳಿಯುತ್ತದೆ. 'ಫೂಲ್ ಫಾರ್ ಯೂ' ಮಾತ್ರ ಬಿಡಬೇಡಿ, ಪಿಯಾನೋ ಹಿಡಿದು ನಡೆಯುವ ಹಳೇ ಕಾಲದ ಪ್ರೇಮಗೀತೆ ಅದು. ಪೂರ್ತಿ ಆಲ್ಬಂಗೆ ಅತಿಥಿ ಗಾಯಕಿ ಒಬ್ಬಳೇ, 'ರಾಂಗ್' ಹಾಡಿನಲ್ಲಿ ಕೆಲಾನಿ. ಉಳಿದ ಕಡೆ ಹಿಂದಿನಿಂದ ಕೇಳುವ ಪದರ ಪದರ ದನಿಗಳಲ್ಲಿ ಬಹುಪಾಲು ಅವನವೇ. ಮೊದಲು ಐದು ಜನ ಸೇರಿ ತುಂಬುತ್ತಿದ್ದ ಜಾಗ ಅದು.

ಕೆಂಪು ಕ್ಯಾಸೆಟ್:
ಮಧ್ಯಮಾವತಿಯವರೇ, ಚೆನ್ನಾಗಿ ಬರೆದಿದ್ದೀರಿ. ಆದರೂ ಆ ಐವರಲ್ಲಿ ಒಳ್ಳೆಯ ಮೊದಲ ಆಲ್ಬಂ ಅಂದ್ರೆ ನನ್ನ ಓಟು ಹ್ಯಾರಿ ಸ್ಟೈಲ್ಸ್‌ಗೇ. 2017ರ ಮೇ ತಿಂಗಳಲ್ಲಿ ಬಂತು, ಹತ್ತೇ ಹಾಡು, ಒಂದೂ ದಂಡ ಇಲ್ಲ. ಜಮೈಕಾದ ಪೋರ್ಟ್ ಆಂಟೋನಿಯೋದಲ್ಲಿ ಬ್ಯಾಂಡ್ ಕಟ್ಟಿಕೊಂಡು ಕೂತು ಮಾಡಿದ್ದು. 'ಸೈನ್ ಆಫ್ ದಿ ಟೈಮ್ಸ್' ಐದೂವರೆ ನಿಮಿಷ ದಾಟುತ್ತದೆ, ಆದರೂ ಎಲ್ಲೂ ಸಡಿಲ ಆಗಲ್ಲ. ಝೇನ್‌ದು ಕತ್ತರಿಸಿದ್ದರೆ ಇನ್ನೂ ಗಟ್ಟಿ ಇರುತ್ತಿತ್ತು.

ಮಧ್ಯಮಾವತಿ:
ಕತ್ತರಿಸಬಹುದಿತ್ತು, ಒಪ್ಪುತ್ತೇನೆ. ಎರಡು ಹಾಡು ತೆಗೆದು 'ಲೈಕ್ ಐ ವುಡ್' ಒಳಗೆ ತಂದಿದ್ದರೆ ಚೆನ್ನಾಗಿತ್ತು. ಹ್ಯಾರಿಯ ಆಲ್ಬಂ ನನಗೂ ಇಷ್ಟ. ಅವನು 70ರ ದಶಕದ ರಾಕ್ ಕಡೆ ಹೋದ. ಆ ದಾರಿಯಲ್ಲಿ ಗಿಟಾರ್, ಡ್ರಮ್ಸ್ ಎಲ್ಲ ಸೇರಿ ಹಾಡನ್ನು ಹೊರುತ್ತವೆ. ಝೇನ್ ಹೊರಿಸಿದ್ದು ಪೂರ್ತಿ ದನಿಯ ಮೇಲೆ. ಅದಕ್ಕೇ ಎಡವಿದರೂ ಎದ್ದು ಕಾಣುತ್ತದೆ. ನಾನು ಹಾಡುವವಳಾದ್ದರಿಂದ ಆ ಕಡೆ ವಾಲುತ್ತೇನೆ ಅನ್ನಿಸುತ್ತೆ.

ಸಂಜೆಪಯಣಿಗ:
ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ 'ಫ್ಲವರ್' ಕೇಳಿದೆ, ಕಣ್ಣು ಒದ್ದೆ ಆಯ್ತು. ತಂಗಿಗೆ ಇಷ್ಟು ದಿನ ಯಾಕೆ ಇದನ್ನು ಹಾಕಿಲ್ಲ ಅಂತ ಕೇಳಿದೆ. ಇನ್ನೊಂದು ಪ್ರಶ್ನೆ. ಈ ಹಾಡುಗಳನ್ನು ಅವನು ಸ್ಟೇಜಿನಲ್ಲಿ ಹಾಡಿದ್ದಿದೆಯಾ? ಹುಡುಕಿದರೆ ಜಾಸ್ತಿ ಸಿಗುತ್ತಿಲ್ಲ.

ಮಧ್ಯಮಾವತಿ:
ಆಲ್ಬಂ ಬಂದ ವರ್ಷ ಟಿವಿ ಕಾರ್ಯಕ್ರಮಗಳಲ್ಲಿ ಹಾಡಿದ. ಜಿಮ್ಮಿ ಫಾಲನ್ ಶೋನಲ್ಲಿ ಹಾಡಿದ 'ಇಟ್ಸ್ ಯೂ' ಹುಡುಕಿ ನೋಡಿ. ಆದರೆ ಟೂರ್ ಮಾಡಲಿಲ್ಲ. 2016ರ ಜೂನ್‌ನಲ್ಲಿ ವೆಂಬ್ಲಿ ಸ್ಟೇಡಿಯಂನ ದೊಡ್ಡ ಕಾರ್ಯಕ್ರಮಕ್ಕೆ ಬರಬೇಕಿತ್ತು, ಆತಂಕದಿಂದಾಗಿ ಹಾಡಲು ಆಗುತ್ತಿಲ್ಲ ಅಂತ ತಾನೇ ಬರೆದು ತಿಳಿಸಿದ. ನೆಪ ಹೇಳದೆ ಇದ್ದದ್ದನ್ನು ಇದ್ದ ಹಾಗೇ ಹೇಳಿದ್ದು ನನಗೆ ಈಗಲೂ ದೊಡ್ಡದಾಗಿ ಕಾಣುತ್ತದೆ. ಅವನ ಮೊದಲ ಒಂಟಿ ಟೂರ್ ಶುರುವಾಗಿದ್ದು 2024ರಲ್ಲಿ. ಆ ವಿಡಿಯೋಗಳಲ್ಲಿ ದನಿ ಸ್ವಲ್ಪ ದಪ್ಪ ಆಗಿದೆ, ಆದರೆ ಆ ಜಾರುವಿಕೆ ಹಾಗೇ ಇದೆ.

ಒಂದು ಮಾತು. ಶಫಲ್ ಆಫ್ ಮಾಡಿಕೊಳ್ಳಿ. 'ಡ್ರಂಕ್' ಮುಗಿದು 'ಫ್ಲವರ್' ಬಂದು ಆಮೇಲೆ 'ರಿಯರ್ ವ್ಯೂ' ಬರಬೇಕು, ಆ ಮೂರನ್ನೂ ಒಟ್ಟಿಗೇ ಕೇಳಿ. ಹೇಗನ್ನಿಸಿತು ಅಂತ ಇಲ್ಲೇ ಬರೆಯಿರಿ, ನಿಮ್ಮ ತಂಗಿಯೂ ಬರೆಯಲಿ.